ಆರೋಗ್ಯ ಸುಧಾರಣೆ ರೋಗಿಯ ಹಾಸಿಗೆಯವರೆಗೆ ಬರುತ್ತಾ?

ಆಪರೇಷನ್ ಥಿಯೇಟರ್‌ನಲ್ಲಿ ಗಟ್ಟಿಯಾಗಿ ಓದಬೇಕಾದ ಒಂದು ಹಾಳೆ ಇದೆ. ಒಂದೇ ಪುಟ, ಅದರಲ್ಲಿ 19 ಅಂಶ. ಮಲಗಿರುವ ರೋಗಿ ಇವರೇ ತಾನೆ? ಕೊಯ್ಯಬೇಕಾದದ್ದು ಎಡಗಡೆಯೋ ಬಲಗಡೆಯೋ? ಯಾವುದಾದರೂ ಔಷಧಿ ಇವರ ಮೈಗೆ ಆಗುವುದಿಲ್ಲವೇ? ರೋಗಿಯನ್ನು ಹೊರಗೆ ಕಳಿಸುವ ಮುಂಚೆ ಸೂಜಿ, ಹತ್ತಿಬಟ್ಟೆ, ಉಪಕರಣಗಳ ಲೆಕ್ಕ ಸರಿಹೋಯಿತೇ? ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಈ ಚೆಕ್‌ಲಿಸ್ಟ್ ಹೊರತಂದಿತು. ದೆಹಲಿ, ಮನಿಲಾ, ಟೊರಾಂಟೊ, ಲಂಡನ್ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಬಳಸಿ ನೋಡಿದರು. ಆಪರೇಷನ್ ಆದ ಮೇಲೆ ಸಾಯುವವರ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು. ತೊಡಕುಗಳು ಶೇ 11ರಿಂದ ಶೇ 7ಕ್ಕೆ ಇಳಿದವು.

ಇಷ್ಟು ಅಗ್ಗದ ಔಷಧಿ ಬೇರೆ ಯಾವುದಿದೆ ಹೇಳಿ! ಸರ್ಕಾರಗಳಿಗೂ ಹಾಗೇ ಅನ್ನಿಸಿತು. ಕೆನಡಾದ ಒಂಟಾರಿಯೊ ಪ್ರಾಂತ್ಯ 2010ರಲ್ಲಿ ಒಂದು ನಿಯಮ ತಂದಿತು. ಆಸ್ಪತ್ರೆಗಳು ಚೆಕ್‌ಲಿಸ್ಟ್ ಎಷ್ಟು ಬಳಸುತ್ತಿವೆ ಎಂದು ಸಾರ್ವಜನಿಕವಾಗಿ ಲೆಕ್ಕ ಕೊಡಬೇಕು. ಎಲ್ಲರೂ ಕೊಟ್ಟರು. ಶೇ 90ಕ್ಕಿಂತ ಹೆಚ್ಚು ಪಾಲನೆ ಎಂದೇ ಕೊಟ್ಟರು. ಆಮೇಲೆ ಸಂಶೋಧಕರು 101 ಆಸ್ಪತ್ರೆಗಳ ಎರಡು ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳನ್ನು ತಾಳೆ ನೋಡಿದರು. ಸಾವಿನ ಪ್ರಮಾಣ ಶೇ 0.71 ಇದ್ದದ್ದು ಶೇ 0.65 ಆಗಿತ್ತು. ಲೆಕ್ಕಶಾಸ್ತ್ರದ ಕಣ್ಣಲ್ಲಿ ಅದು ಇಳಿಕೆಯೇ ಅಲ್ಲ.

ಹಾಳೆ ಅದೇ. ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಹಾಗಾದರೆ ಏನು ಬದಲಾಯಿತು? ಮೊದಲ ಅಧ್ಯಯನಕ್ಕೂ ಅದರದೇ ಮಿತಿಗಳಿದ್ದವು, ಹೋಲಿಸಿ ನೋಡಲು ಬೇರೆ ಆಸ್ಪತ್ರೆಗಳಿರಲಿಲ್ಲ, ಅದು ನಿಜ. ಆದರೂ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಒಂದು ಕಡೆ ತಂಡದವರು ಸೇರಿ ಕಲಿತು, ನಿಂತು, ಮಾತಾಡಿ ಓದಿದರು. ಇನ್ನೊಂದು ಕಡೆ ಅದು ಮೇಲಿನಿಂದ ಬಂದ ಫಾರಂ. ಫಾರಂ ಬಂದರೆ ಏನಾಗುತ್ತದೆ ಗೊತ್ತಲ್ವಾ? ಟಿಕ್ ಬೀಳುತ್ತದೆ.

ಆರೋಗ್ಯ ಸುಧಾರಣೆಯ ಇಡೀ ಕತೆ ಈ ಎರಡು ಫಲಿತಾಂಶಗಳ ನಡುವೆ ಇದೆ ಎಂಬುದು ನನ್ನ ಅನಿಸಿಕೆ. ಹೊಸ ಕಾಯ್ದೆ ಬಂತು, ಹೊಸ ವಿಮೆ ಬಂತು, ಆಸ್ಪತ್ರೆಗಳಿಗೆ ಹೊಸ ಗುರಿ ಬಂತು ಎಂದು ನಾವು ಸುದ್ದಿ ಓದುತ್ತೇವೆ. ಸರ್ಕಾರವೇನು ವಾರ್ಡಿಗೆ ಬಂದು ಇಂಜೆಕ್ಷನ್ ಕೊಡುವುದಿಲ್ಲ. ಅದರ ಕೈಯಲ್ಲಿರುವುದು ಕೆಲವೇ ಹಿಡಿಕೆಗಳು. ಯಾರಿಗೆ ಚಿಕಿತ್ಸೆ ಸಿಗಬೇಕು, ದುಡ್ಡು ಹೇಗೆ ಕೊಡಬೇಕು, ಯಾವುದನ್ನು ಎಣಿಸಬೇಕು, ಯಾವುದನ್ನು ಕಡ್ಡಾಯ ಮಾಡಬೇಕು. ಈ ಹಿಡಿಕೆ ತಿರುಗಿಸಿದರೆ ಆ ತುದಿಯಲ್ಲಿ, ಹಾಸಿಗೆಯ ಪಕ್ಕದಲ್ಲಿ, ಏನಾಗುತ್ತದೆ ಎಂಬುದನ್ನು ನೋಡೋಣ.

ಅದಕ್ಕೂ ಮುಂಚೆ ಗುಣಮಟ್ಟ ಅಂದರೇನು? ಅವೆಡಿಸ್ ಡೊನಬೇಡಿಯನ್ ಎಂಬ ವೈದ್ಯರು 1966ರಲ್ಲಿ ಇದನ್ನು ಮೂರು ಭಾಗ ಮಾಡಿ ಹೇಳಿದರು. ಇವತ್ತಿಗೂ ಜನ ಅದನ್ನೇ ಬಳಸುತ್ತಾರೆ. ಮೊದಲನೆಯದು ಏನಿದೆ ಎಂಬುದು: ಕಟ್ಟಡ, ಯಂತ್ರ, ಸಿಬ್ಬಂದಿ. ಎರಡನೆಯದು ಏನು ಮಾಡಿದರು ಎಂಬುದು: ಸರಿಯಾದ ಔಷಧಿ ಸರಿಯಾದ ಹೊತ್ತಿಗೆ ಕೊಟ್ಟರೇ? ಮೂರನೆಯದು ಏನಾಯಿತು ಎಂಬುದು: ರೋಗಿ ಗುಣವಾದರೇ, ಬದುಕಿದರೇ? ಮೊದಲನೆಯದನ್ನು ಅಳೆಯುವುದು ಸುಲಭ. ರೋಗಿಗೆ ಬೇಕಾಗಿರುವುದು ಮೂರನೆಯದು. ಈ ಅಂತರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಪದೇ ಪದೇ ಬರುತ್ತದೆ.

ಸುರಕ್ಷತೆ ಇದರೊಳಗಿನ ಒಂದು ತುಂಡು. ರೋಗದಿಂದಲ್ಲ, ಚಿಕಿತ್ಸೆಯಿಂದಲೇ ಆಗುವ ಹಾನಿಯನ್ನು ತಡೆಯುವುದು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1999ರಲ್ಲಿ ಒಂದು ವರದಿ ಹೊರಡಿಸಿತು. ಆ ದೇಶದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಜನ ತಪ್ಪಿಸಬಹುದಾಗಿದ್ದ ತಪ್ಪುಗಳಿಂದ ಸಾಯುತ್ತಿದ್ದಾರೆ ಎಂದಿತು. ಸಂಖ್ಯೆಯ ಬಗ್ಗೆ ಆಮೇಲೆ ಸಾಕಷ್ಟು ಜಗಳವಾಯಿತು. ಆದರೆ ವರದಿಯ ಮುಖ್ಯ ಮಾತು ಸಂಖ್ಯೆಯಲ್ಲ. ತಪ್ಪು ಮಾಡುವವರು ಕೆಟ್ಟವರಲ್ಲ, ತಪ್ಪು ಮಾಡುವುದನ್ನು ಸುಲಭ ಮಾಡಿಟ್ಟಿರುವ ವ್ಯವಸ್ಥೆ ಕೆಟ್ಟದ್ದು ಎಂಬುದು. ಗಾಢ ಪೊಟ್ಯಾಸಿಯಂ ಕ್ಲೋರೈಡ್ ನೀರಿನ ಹಾಗೆ ತಿಳಿಯಾಗಿರುತ್ತದೆ. ಅದನ್ನು ನೀರು ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಂತುಹೋಗಬಹುದು. ಅಂಥ ಬಾಟಲಿಯನ್ನು ವಾರ್ಡಿನ ಕಪಾಟಿನಲ್ಲಿ ಬೇರೆ ಬಾಟಲಿಗಳ ಜೊತೆ ಇಟ್ಟು, ರಾತ್ರಿ ಎರಡು ಗಂಟೆಗೆ ಸುಸ್ತಾದ ನರ್ಸ್‌ಗೆ ‘ಹುಷಾರಾಗಿರಮ್ಮ’ ಎಂದರೆ ಆಗುವುದಿಲ್ಲ. ಬಾಟಲಿಯನ್ನೇ ವಾರ್ಡಿನಿಂದ ಎತ್ತಿ ಔಷಧ ವಿಭಾಗದಲ್ಲಿ ಇಡಬೇಕು. ಅನೇಕ ಆಸ್ಪತ್ರೆಗಳು ಹಾಗೇ ಮಾಡಿದವು.

ಬಾಗಿಲು ತೆರೆದ ಮೇಲೆ

ಸುಧಾರಣೆ ಅಂದ ಕೂಡಲೇ ಮೊದಲು ಬರುವುದು ವಿಮೆ. ಕೈಯಲ್ಲಿ ಕಾಸಿಲ್ಲದವರಿಗೂ ಆಸ್ಪತ್ರೆಯ ಬಾಗಿಲು ತೆರೆಯಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಬಾಗಿಲು ತೆರೆದರೆ ಆರೋಗ್ಯ ತಾನಾಗಿ ಸುಧಾರಿಸುತ್ತದಾ?

ಅಮೆರಿಕದ ಆರೆಗಾನ್ ರಾಜ್ಯದಲ್ಲಿ 2008ರಲ್ಲಿ ಒಂದು ವಿಚಿತ್ರ ಸಂದರ್ಭ ಬಂತು. ಬಡವರ ಸರ್ಕಾರಿ ವಿಮೆಯಲ್ಲಿ ಸುಮಾರು 10,000 ಜಾಗ ಇದ್ದವು, ಹೆಸರು ಕೊಟ್ಟವರು 90,000ದಷ್ಟು ಜನ. ಬೇರೆ ದಾರಿ ಕಾಣದೆ ಚೀಟಿ ಎತ್ತಿದರು. ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗುವುದು ಕಷ್ಟ. ಎರಡು ವರ್ಷದ ಮೇಲೆ ನೋಡಿದಾಗ ವಿಮೆ ಸಿಕ್ಕವರು ಹೆಚ್ಚು ಸಲ ಡಾಕ್ಟರ ಬಳಿ ಹೋಗಿದ್ದರು. ಅವರಲ್ಲಿ ಖಿನ್ನತೆ ಕಡಿಮೆಯಾಗಿತ್ತು. ಆಸ್ಪತ್ರೆ ಬಿಲ್ಲಿನಿಂದ ಮನೆ ಮುಳುಗುವ ಭಯ ಬಹುತೇಕ ಹೋಗಿತ್ತು. ಆದರೆ ಬಿಪಿ, ಕೊಲೆಸ್ಟ್ರಾಲ್, ಶುಗರ್ ಹತೋಟಿಯಲ್ಲಿ ಖಚಿತವಾಗಿ ಹೇಳುವಷ್ಟು ಬದಲಾವಣೆ ಇರಲಿಲ್ಲ. ಎರಡು ವರ್ಷ ಸಣ್ಣ ಅವಧಿ ಎನ್ನಬಹುದು. ವಿಮೆ ದುಡ್ಡಿನ ಕಷ್ಟ ತಪ್ಪಿಸಿತಲ್ಲ, ಅದೇ ದೊಡ್ಡದು ಎಂದೂ ಹೇಳಬಹುದು. ನಾನೂ ಹಾಗೇ ಹೇಳುತ್ತೇನೆ. ಆದರೆ ವಿಮೆ ಕಾರ್ಡ್ ಬೇರೆ, ಒಳ್ಳೆಯ ಚಿಕಿತ್ಸೆ ಬೇರೆ.

ಇದೇ ಮಾತನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದು 2018ರಲ್ಲಿ ಬಂದ, ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ಆಯೋಗದ ವರದಿ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ, ಚಿಕಿತ್ಸೆಯಿಂದ ಉಳಿಸಬಹುದಾಗಿದ್ದ 86 ಲಕ್ಷ ಜನ ವರ್ಷಕ್ಕೆ ಸಾಯುತ್ತಿದ್ದಾರೆ ಎಂದು ಅದು ಅಂದಾಜು ಮಾಡಿತು. ಆಸ್ಪತ್ರೆಗೇ ಹೋಗದೆ ಸತ್ತವರು ಅದರಲ್ಲಿ 36 ಲಕ್ಷ. ಉಳಿದ 50 ಲಕ್ಷ ಜನ ಚಿಕಿತ್ಸೆಗೆ ಹೋಗಿದ್ದವರು. ಹೋದ ಕಡೆ ಸಿಕ್ಕ ಚಿಕಿತ್ಸೆ ಸರಿ ಇರಲಿಲ್ಲ. ಈ ಲೆಕ್ಕ ಮೊದಲ ಸಲ ಓದಿದಾಗ ನಾನು ಸಂಖ್ಯೆಗಳು ಅದಲುಬದಲಾಗಿವೆ ಎಂದುಕೊಂಡಿದ್ದೆ.

ಹೆರಿಗೆಯ ಉದಾಹರಣೆ ನೋಡಿ. ಹೆಚ್ಚು ಹೆಂಗಸರು ಆಸ್ಪತ್ರೆಯಲ್ಲೇ ಹೆರಬೇಕು ಎಂಬುದು ಅನೇಕ ದೇಶಗಳ ಗುರಿ. ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಅರ್ಧ ಕೇಂದ್ರಗಳಿಗೆ ಹೆರಿಗೆಯ ಚೆಕ್‌ಲಿಸ್ಟ್ ಕೊಟ್ಟರು. ಜೊತೆಗೆ ಅದನ್ನು ಬಳಸಲು ಹೇಳಿಕೊಡುವವರನ್ನೂ ಕಳಿಸಿದರು. ಲೆಕ್ಕಕ್ಕೆ ಸಿಕ್ಕ ಹೆರಿಗೆಗಳು ಒಂದೂವರೆ ಲಕ್ಷಕ್ಕೂ ಹೆಚ್ಚು. 2017ರಲ್ಲಿ ಫಲಿತಾಂಶ ಬಂತು. ಕೈ ತೊಳೆಯುವುದು, ಬಿಪಿ ನೋಡುವುದು, ಮಗುವನ್ನು ತಾಯಿಯ ಮೈಗೆ ತಾಗಿಸಿ ಇಡುವುದು ಇಂಥ ಅಭ್ಯಾಸಗಳು ಚೆನ್ನಾಗಿಯೇ ಸುಧಾರಿಸಿದ್ದವು. ಹೇಳಿಕೊಡುವವರು ಹೋದ ಮೇಲೆ ಸ್ವಲ್ಪ ಜಾರಿದವು. ತಾಯಿ, ಮಗುವಿನ ಸಾವಿನ ಪ್ರಮಾಣ ಮಾತ್ರ ಎರಡೂ ಗುಂಪಿನಲ್ಲಿ ಒಂದೇ. ರಕ್ತಸ್ರಾವ ನಿಲ್ಲದಿದ್ದಾಗ ಬೇಕಾಗುವುದು ರಕ್ತ, ಪರಿಣತ ಕೈ, ತಕ್ಷಣ ಆಪರೇಷನ್ ಮಾಡುವ ಜಾಗ. ಅವು ಇಲ್ಲದ ಕಡೆ ಹಾಳೆ ಏನು ಮಾಡೀತು? ಡೊನಬೇಡಿಯನ್‌ರ ಎರಡನೆಯ ಮೆಟ್ಟಿಲು ಹತ್ತಿದರು, ಮೊದಲನೆಯ ಮೆಟ್ಟಿಲೇ ಸಡಿಲವಾಗಿತ್ತು.

ದುಡ್ಡು ಕೊಡುವ ರೀತಿ

ಈಗ ಎರಡನೆಯ ಹಿಡಿಕೆ. ಆಸ್ಪತ್ರೆಗೆ ಪ್ರತಿ ಪರೀಕ್ಷೆಗೂ ಪ್ರತಿ ದಿನಕ್ಕೂ ಬೇರೆ ಬೇರೆ ದುಡ್ಡು ಕೊಟ್ಟರೆ ಪರೀಕ್ಷೆಗಳೂ ದಿನಗಳೂ ಜಾಸ್ತಿ ಆಗುತ್ತವೆ. ಒಂದು ರೋಗಕ್ಕೆ ಇಷ್ಟೇ ಎಂದು ಗಂಟು ದರ ಕೊಟ್ಟರೆ ರೋಗಿಯನ್ನು ಬೇಗ ಮನೆಗೆ ಕಳಿಸುವ ಮನಸ್ಸಾಗುತ್ತದೆ. ಇದರಲ್ಲಿ ಯಾರೂ ಖಳನಾಯಕರಲ್ಲ. ನೀರು ಇಳಿಜಾರಿಗೆ ಹರಿಯುತ್ತದೆ, ಅಷ್ಟೇ. ಅಮೆರಿಕದ ಮೆಡಿಕೇರ್, ಅಂದರೆ ಮುಖ್ಯವಾಗಿ 65 ದಾಟಿದವರ ಸರ್ಕಾರಿ ವಿಮೆ, 1983ರಲ್ಲಿ ಗಂಟು ದರಕ್ಕೆ ಬದಲಾಯಿತು. ಆಮೇಲೆ ನಡೆದ ಅಧ್ಯಯನಗಳಲ್ಲಿ ಸಾವು ಹೆಚ್ಚಿದ್ದು ಕಾಣಲಿಲ್ಲ. ಆದರೆ ಪೂರ್ತಿ ಚೇತರಿಸಿಕೊಳ್ಳುವ ಮುಂಚೆಯೇ ಮನೆಗೆ ಹೋದವರು ಹೆಚ್ಚಾಗಿದ್ದರು.

ಇದರ ಮುಂದಿನ ಅಧ್ಯಾಯ ಇನ್ನೂ ಕುತೂಹಲದ್ದು. ಆಸ್ಪತ್ರೆಯಿಂದ ಮನೆಗೆ ಹೋದ ಮೆಡಿಕೇರ್ ರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರು 30 ದಿನದೊಳಗೆ ಮತ್ತೆ ಅಡ್ಮಿಟ್ ಆಗುತ್ತಿದ್ದರು. ಎರಡನೇ ಸಲ ಬಂದರೆ ಎರಡನೇ ಬಿಲ್. ಅಂದರೆ ಕೆಲಸ ಅರ್ಧಂಬರ್ಧ ಮಾಡಿದರೆ ಆಸ್ಪತ್ರೆಗೆ ಲಾಭ! ಮಾರ್ಚ್ 2010ರಲ್ಲಿ ಅಧ್ಯಕ್ಷ ಒಬಾಮ ಸಹಿ ಹಾಕಿದ ಅಫರ್ಡೆಬಲ್ ಕೇರ್ ಕಾಯ್ದೆ ಇದಕ್ಕೆ ಕೈ ಹಾಕಿತು. ಹಾರ್ಟ್ ಅಟ್ಯಾಕ್, ಹಾರ್ಟ್ ಫೇಲ್ಯೂರ್, ನಿಮೋನಿಯಾ ಈ ಮೂರರಲ್ಲಿ ನಿರೀಕ್ಷೆಗಿಂತ ಹೆಚ್ಚು ಜನ ವಾಪಸ್ ಬಂದರೆ ಆಸ್ಪತ್ರೆಗೆ ದಂಡ. ಅಕ್ಟೋಬರ್ 2012ರಲ್ಲಿ ಜಾರಿ. ಮೊದಲ ವರ್ಷ ಮೆಡಿಕೇರ್ ಕೊಡುವ ದುಡ್ಡಿನಲ್ಲಿ ಗರಿಷ್ಠ ಶೇ 1 ಕಡಿತ, ಮೂರನೇ ವರ್ಷಕ್ಕೆ ಶೇ 3. ಮೊದಲ ಸುತ್ತಿನಲ್ಲೇ 2,000ಕ್ಕೂ ಹೆಚ್ಚು ಆಸ್ಪತ್ರೆಗಳಿಗೆ ದಂಡ ಬಿತ್ತು.

ಆಸ್ಪತ್ರೆಗಳು ಎದ್ದು ಕೂತವು. ಒಳ್ಳೆಯ ಕಡೆ ಏನೇನಾಯಿತು ಎಂದರೆ, ಡಿಸ್ಚಾರ್ಜ್ ಆದ ಕೆಲವೇ ದಿನದಲ್ಲಿ ನರ್ಸ್ ಫೋನ್ ಮಾಡತೊಡಗಿದರು. ಮನೆಯಲ್ಲಿದ್ದ ಹಳೆ ಮಾತ್ರೆ, ಆಸ್ಪತ್ರೆ ಕೊಟ್ಟ ಹೊಸ ಮಾತ್ರೆ ಎರಡನ್ನೂ ಕೂತು ತಾಳೆ ನೋಡಿದರು. ಹೃದಯ ಸೋತವರ ಮೈಯಲ್ಲಿ ನೀರು ತುಂಬುತ್ತದೆ, ಅದು ಮೊದಲು ಗೊತ್ತಾಗುವುದು ತೂಕದಲ್ಲಿ. ಹಾಗಾಗಿ ದಿನಾ ತೂಕ ನೋಡಿಕೊಳ್ಳಿ, ಏರಿದರೆ ಕೂಡಲೇ ತಿಳಿಸಿ ಎಂದು ಹೇಳಿ ಕಳಿಸಿದರು. ಇವೆಲ್ಲ ಮುಂಚೆಯೇ ಮಾಡಬಹುದಾಗಿದ್ದ ಕೆಲಸ. ಮಾಡಲು ಸಮಯಕ್ಕೂ ಸಿಬ್ಬಂದಿಗೂ ದುಡ್ಡು ಕೊಡುವವರು ಇರಲಿಲ್ಲ. 2007ರಿಂದ 2015ರ ನಡುವೆ ಈ ಮೂರು ರೋಗಗಳ ಮರುದಾಖಲೆ ಶೇ 21.5ರಿಂದ ಶೇ 17.8ಕ್ಕೆ ಇಳಿಯಿತು.

ಇಲ್ಲಿಗೆ ನಿಲ್ಲಿಸಿದರೆ ಗೆದ್ದ ಕತೆ. ಆದರೆ ಮುಂದಕ್ಕೆ ಹೋಗಬೇಕು.

ಅದೇ ಸಮಯದಲ್ಲಿ ರೋಗಿಯನ್ನು ಅಡ್ಮಿಟ್ ಮಾಡದೆ ‘ನಿಗಾದಲ್ಲಿ’ ಇಟ್ಟುಕೊಳ್ಳುವುದು ಹೆಚ್ಚಾಯಿತು. ಅದೇ ಆಸ್ಪತ್ರೆ, ಅದೇ ಥರದ ಹಾಸಿಗೆ. ಕಾಗದದ ಮೇಲೆ ಮಾತ್ರ ಹೊರರೋಗಿ, ಹಾಗಾಗಿ ಮರುದಾಖಲೆಯ ಲೆಕ್ಕಕ್ಕೆ ಬರುವುದಿಲ್ಲ. ಜೊತೆಗೆ, ಕ್ಲೇಮ್ ಫಾರಂನಲ್ಲಿ ರೋಗಿಯ ಇತರ ಕಾಯಿಲೆಗಳನ್ನು ಬರೆಯುವ ಜಾಗ ಆ ಹೊತ್ತಿಗೇ ಹೆಚ್ಚಾಗಿತ್ತು. ಹೆಚ್ಚು ಕಾಯಿಲೆ ಬರೆದರೆ ರೋಗಿ ಮೊದಲಿಗಿಂತ ಗಂಭೀರ ಎಂದು ಕಾಣುತ್ತಾರೆ, ವಾಪಸ್ ಬಂದರೂ ಆಸ್ಪತ್ರೆಯ ಅಂಕ ಕೆಡುವುದಿಲ್ಲ. ಇಳಿಕೆಯ ಒಂದು ಪಾಲು ಹೀಗೆ ಬರಹದಿಂದ ಬಂದದ್ದು ಎಂದು ಆಮೇಲೆ ಬಂದ ಅಧ್ಯಯನಗಳು ತೋರಿಸಿದವು.

ಇನ್ನೂ ಗಂಭೀರ ಪ್ರಶ್ನೆ 2018ರಲ್ಲಿ ಎದ್ದಿತು. ದಂಡದ ಯೋಜನೆ ಶುರುವಾದ ಮೇಲೆ ಹಾರ್ಟ್ ಫೇಲ್ಯೂರ್ ಮತ್ತು ನಿಮೋನಿಯಾ ರೋಗಿಗಳಲ್ಲಿ, ಮನೆಗೆ ಹೋದ 30 ದಿನದೊಳಗಿನ ಸಾವು ಹೆಚ್ಚಾಗಿದೆ ಎಂದು ಒಂದು ದೊಡ್ಡ ಅಧ್ಯಯನ ಹೇಳಿತು. ಹಾರ್ಟ್ ಅಟ್ಯಾಕ್ ಆದವರಲ್ಲಿ ಹಾಗಿರಲಿಲ್ಲ. ಬೇರೆ ಸಂಶೋಧಕರು ಬೇರೆ ರೀತಿ ಲೆಕ್ಕ ಹಾಕಿ, ದಂಡಕ್ಕೂ ಸಾವಿಗೂ ಸಂಬಂಧವಿಲ್ಲ ಎಂದರು. ಈ ವಾದ ಇನ್ನೂ ಮುಗಿದಿಲ್ಲ. ನನಗೆ ಮುಖ್ಯ ಎನಿಸುವುದು ಬೇರೆಯೇ. ಇಷ್ಟು ದೊಡ್ಡ ನಿಯಮವನ್ನು ದೇಶದ ಬಹುತೇಕ ಎಲ್ಲ ಕಡೆ ಒಟ್ಟಿಗೇ ಜಾರಿ ಮಾಡಿದ್ದರಿಂದ ಸರಿಯಾಗಿ ಹೋಲಿಸಿ ನೋಡುವುದು ಕಷ್ಟವಾಯಿತು. ಹೊಸ ಮಾತ್ರೆಯನ್ನು ಪರೀಕ್ಷೆ ಮಾಡದೆ ಮಾರಲು ಬಿಡುವುದಿಲ್ಲ. ಲಕ್ಷಾಂತರ ರೋಗಿಗಳ ಮೇಲೆ ಪರಿಣಾಮ ಬೀರುವ ನಿಯಮಕ್ಕೆ ಆ ಶಿಸ್ತು ಬೇಡವಾ?

ಬಡವರ ಆಸ್ಪತ್ರೆಗಳ ಪಾಡೂ ಇದೆ. ಡಿಸ್ಚಾರ್ಜ್ ಆದ ರೋಗಿಗೆ ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಔಷಧಿ ಕೊಳ್ಳಲು ದುಡ್ಡಿಲ್ಲ ಎಂದರೆ ಅವರು ವಾಪಸ್ ಬಂದೇ ಬರುತ್ತಾರೆ. ಅದಕ್ಕೆ ಆಸ್ಪತ್ರೆಗೆ ದಂಡ. ದಂಡ ಕಟ್ಟಿದ ಮೇಲೆ ಅಂಥ ರೋಗಿಗಳಿಗೆ ಖರ್ಚು ಮಾಡಲು ಇನ್ನೂ ಕಡಿಮೆ ದುಡ್ಡು. ಇದನ್ನು ಸರಿಮಾಡಲು ಅಮೆರಿಕದ ಸಂಸತ್ತು 2016ರಲ್ಲಿ ಕಾಯ್ದೆ ತಂದಿತು. ಬಡ ರೋಗಿಗಳು ಹೆಚ್ಚಿರುವ ಆಸ್ಪತ್ರೆಗಳನ್ನು ಅಂಥವೇ ಆಸ್ಪತ್ರೆಗಳ ಜೊತೆ ಹೋಲಿಸುವ ಪದ್ಧತಿ ಅಕ್ಟೋಬರ್ 2018ರಿಂದ ಶುರುವಾಯಿತು.

ಎಣಿಸಿದ್ದೇ ಬೆಳೆಯುತ್ತದೆ

ಅಳತೆಯನ್ನು ಸುಮ್ನೆ ಬೈಯುವುದು ಸುಲಭ. ಅಳತೆಯೇ ಇಲ್ಲದ ಕಾಲ ಚೆನ್ನಾಗಿತ್ತು ಎಂದು ನಾನಂತೂ ಹೇಳುವುದಿಲ್ಲ. ನ್ಯೂಯಾರ್ಕ್ ರಾಜ್ಯ 1989ರಿಂದ ಬೈಪಾಸ್ ಆಪರೇಷನ್‌ಗಳ ಸಾವಿನ ಲೆಕ್ಕ ಇಡಲು ಶುರು ಮಾಡಿತು. ಆಮೇಲೆ ಆಸ್ಪತ್ರೆವಾರು, ಸರ್ಜನ್‌ವಾರು ಪ್ರಕಟಿಸಿತು. 1992ರ ಹೊತ್ತಿಗೆ ರೋಗಿಗಳ ಗಂಭೀರತೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಸಾವಿನ ಪ್ರಮಾಣ ಸುಮಾರು ಶೇ 41 ಇಳಿದಿತ್ತು. ಕೆಲವು ಆಸ್ಪತ್ರೆಗಳು ತಮ್ಮ ಅಂಕಿ ನೋಡಿ ನಾಚಿ ನಿಜವಾಗಿ ತಿದ್ದಿಕೊಂಡವು. ಆದರೆ ತೀರಾ ಗಂಭೀರ ರೋಗಿಗಳನ್ನು ಮುಟ್ಟಲು ಸರ್ಜನ್‌ಗಳು ಹಿಂಜರಿದರು ಎಂಬುದಕ್ಕೂ ಪುರಾವೆ ಸಿಕ್ಕಿದೆ. ಆಪರೇಷನ್ ಯಾರಿಗೆ ಹೆಚ್ಚು ಬೇಕೋ ಅವರಿಗೇ ಬಾಗಿಲು ಮುಚ್ಚಿದರೆ ಅಂಕಿಯೇನೋ ಚೆನ್ನಾಗಿ ಕಾಣುತ್ತದೆ.

ಬ್ರಿಟನ್‌ನಲ್ಲಿ 2004ರಿಂದ ಕುಟುಂಬ ವೈದ್ಯರಿಗೆ ಅಂಕ ನೋಡಿ ದುಡ್ಡು ಕೊಡತೊಡಗಿದರು. ಬಿಪಿ ನೋಡಿದ್ದಕ್ಕೆ ಇಷ್ಟು, ಶುಗರ್ ಹತೋಟಿಗೆ ಇಷ್ಟು. ಅಂಕ ಬೇಗ ಏರಿತು, ಆಮೇಲೆ ನಿಂತಿತು. ದುಡ್ಡು ಕಟ್ಟದ ಕೆಲಸಗಳ ಗುಣಮಟ್ಟ ಹಿಂದೆ ಬಿತ್ತು. ಡಾಕ್ಟರ ಹತ್ತು ನಿಮಿಷ ರಬ್ಬರಿನ ಹಾಗೆ ಹಿಗ್ಗುವುದಿಲ್ಲವಲ್ಲ.

ಆದರೆ ಅಳತೆ ಎಷ್ಟು ಅಪಾಯಕಾರಿ ಆಗಬಹುದು ಎಂದು ತೋರಿಸಿದ್ದು ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆ. ಎಮರ್ಜೆನ್ಸಿಗೆ ಬಂದ ರೋಗಿ ನಾಲ್ಕು ಗಂಟೆಯೊಳಗೆ ಅಲ್ಲಿಂದ ಮುಂದಕ್ಕೆ ಹೋಗಬೇಕು ಎಂಬುದು ಆಗಿನ ರಾಷ್ಟ್ರೀಯ ಗುರಿ. ಗುರಿ ಕೆಟ್ಟದ್ದಲ್ಲ, ಅದರಿಂದ ದೇಶದ ಅನೇಕ ಕಡೆ ಕಾಯುವ ಹೊತ್ತು ನಿಜವಾಗಿ ಇಳಿದಿತ್ತು. ಅದೇ ಹೊತ್ತಿಗೆ, ಚೆನ್ನಾಗಿ ನಡೆಯುವ ಆಸ್ಪತ್ರೆ ಸಂಸ್ಥೆಗಳಿಗೆ ಹೆಚ್ಚು ಸ್ವಾಯತ್ತತೆ ಕೊಡುವ ಸುಧಾರಣೆಯೂ ನಡೆಯುತ್ತಿತ್ತು. ಅದು ಬೇಕಾದರೆ ಜಮಾ ಖರ್ಚು ಸರಿ ಇರಬೇಕು. ಸ್ಟಾಫರ್ಡ್ ಆಸ್ಪತ್ರೆ ನಡೆಸುತ್ತಿದ್ದ ಸಂಸ್ಥೆ 2006–07ರಲ್ಲಿ ಒಂದು ಕೋಟಿ ಪೌಂಡ್ ಉಳಿಸಲು ಹೊರಟು 150ಕ್ಕೂ ಹೆಚ್ಚು ಹುದ್ದೆ ಕಡಿತ ಮಾಡಿತು. ಆಮೇಲಿನ ತನಿಖೆಗಳಲ್ಲಿ ಹೊರಬಂದದ್ದು ಓದಲು ಕಷ್ಟ. ಎಮರ್ಜೆನ್ಸಿಗೆ ಬಂದವರಲ್ಲಿ ಯಾರು ಗಂಭೀರ ಎಂದು ವೈದ್ಯಕೀಯ ತರಬೇತಿ ಇಲ್ಲದ ರಿಸೆಪ್ಷನ್‌ನವರು ನೋಡುತ್ತಿದ್ದರು. ನಾಲ್ಕು ಗಂಟೆ ಮೀರುತ್ತದೆ ಎಂದು ಗಂಭೀರ ರೋಗಿಯನ್ನು ಬಿಟ್ಟು ಸಣ್ಣಪುಟ್ಟ ಗಾಯದವರ ಕಡೆ ಡಾಕ್ಟರನ್ನು ಎಳೆಯುತ್ತಿದ್ದರು. ವಾರ್ಡಿನಲ್ಲಿ ರೋಗಿಗಳು ಒದ್ದೆಯಾದ ಹಾಸಿಗೆಯಲ್ಲೇ ಮಲಗಿದ್ದರು. ನೀರಿನ ಲೋಟ ಕೈಗೆ ಎಟುಕದಷ್ಟು ದೂರ ಇರುತ್ತಿತ್ತು.

ವಿಚಿತ್ರ ಎಂದರೆ, ಇಷ್ಟೆಲ್ಲ ನಡೆಯುವಾಗಲೇ ಫೆಬ್ರವರಿ 2008ರಲ್ಲಿ ಅದಕ್ಕೆ ಆ ಸ್ವಾಯತ್ತ ಸ್ಥಾನ ಸಿಕ್ಕಿತು. ಕಾಗದ ಸರಿ ಇತ್ತು. ಸತ್ಯ ಹೊರಗೆ ಬಂದದ್ದು ಸಾವಿನ ಅಂಕಿ ಮಿತಿಮೀರಿ ಏರಿದ್ದರಿಂದ, ಮತ್ತು ಸತ್ತವರ ಮನೆಯವರು ಸುಮ್ಮನಿರದೆ ಹೋರಾಡಿದ್ದರಿಂದ. ವಕೀಲ ರಾಬರ್ಟ್ ಫ್ರಾನ್ಸಿಸ್ ನಡೆಸಿದ ಸಾರ್ವಜನಿಕ ವಿಚಾರಣೆಯ ವರದಿ ಫೆಬ್ರವರಿ 2013ರಲ್ಲಿ 290 ಶಿಫಾರಸುಗಳ ಜೊತೆ ಬಂತು. ಅದರಿಂದ ಹುಟ್ಟಿದ ಒಂದು ನಿಯಮ ನನಗೆ ತುಂಬಾ ಹಿಡಿಸಿತು. ಚಿಕಿತ್ಸೆಯಿಂದ ರೋಗಿಗೆ ಗಂಭೀರ ಹಾನಿಯಾದರೆ ಆಸ್ಪತ್ರೆ ಅದನ್ನು ಮುಚ್ಚಿಡದೆ ರೋಗಿಗೋ ಮನೆಯವರಿಗೋ ಹೇಳಬೇಕು, ಕ್ಷಮೆ ಕೇಳಬೇಕು. ನವೆಂಬರ್ 2014ರಿಂದ ಇದು ಅಲ್ಲಿನ ಸರ್ಕಾರಿ ಆಸ್ಪತ್ರೆಗಳಿಗೆ ಕಾನೂನು.

ಕೈಗಳ ಲೆಕ್ಕ

ಸ್ಟಾಫರ್ಡ್‌ನಲ್ಲಿ ಕಡಿತವಾದ ಹುದ್ದೆಗಳಲ್ಲಿ ನರ್ಸ್‌ಗಳದ್ದೂ ಇದ್ದವು. ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಮತ್ತು ಅವರ ಜೊತೆಗಾರರು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆನಪಾಗುತ್ತದೆ. ಒಬ್ಬ ನರ್ಸ್ ನೋಡಿಕೊಳ್ಳುವ ಆಪರೇಷನ್ ರೋಗಿಗಳಲ್ಲಿ ಒಬ್ಬರು ಹೆಚ್ಚಾದರೂ 30 ದಿನದೊಳಗೆ ಸಾಯುವ ಸಾಧ್ಯತೆ ಸುಮಾರು ಶೇ 7 ಏರುತ್ತದೆ. ಕಾರಣ ಕಷ್ಟದ್ದೇನಲ್ಲ. ರೋಗಿಯ ಮುಖ ಬಿಳಚಿಕೊಂಡಿದೆ, ಮಾತು ತೊದಲುತ್ತಿದೆ, ಉಸಿರು ಬೇರೆಯಾಗಿದೆ ಎಂದು ಮೊದಲು ಗಮನಿಸುವುದು ನರ್ಸ್. ನಾಲ್ಕು ಜನರಿದ್ದರೆ ಕಣ್ಣಿಗೆ ಬೀಳುತ್ತದೆ, ಹತ್ತು ಜನರಿದ್ದರೆ ತಪ್ಪಿಹೋಗುತ್ತದೆ.

ಕ್ಯಾಲಿಫೋರ್ನಿಯಾ 1999ರಲ್ಲಿ ಕಾಯ್ದೆ ಮಾಡಿ 2004ರಲ್ಲಿ ಜಾರಿಗೆ ತಂದಿತು. ಒಬ್ಬ ನರ್ಸ್‌ಗೆ ಇಂತಿಷ್ಟೇ ರೋಗಿಗಳು, ಐಸಿಯುನಲ್ಲಾದರೆ ಇಬ್ಬರೇ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ 2016ರಲ್ಲಿ ಹಗಲಿನ ಶಿಫ್ಟಿಗೆ ನಾಲ್ಕು ರೋಗಿಗೆ ಒಬ್ಬ ನರ್ಸ್ ಎಂಬ ಅಳತೆ ತಂದಿತು. ಅಲ್ಲಿ ಹೋಲಿಕೆಗೆ ಬೇರೆ ಆಸ್ಪತ್ರೆಗಳಿದ್ದವು, ಸಾವೂ ಮರುದಾಖಲೆಯೂ ಕಡಿಮೆಯಾದದ್ದು ಕಂಡಿತು. ಸುಧಾರಣೆಗಳ ಪಟ್ಟಿಯಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಇದರಲ್ಲಿ. ಇದನ್ನು ಫಾರಂ ತುಂಬಿ ತೋರಿಸಲು ಆಗುವುದಿಲ್ಲ, ನಿಜವಾದ ಮನುಷ್ಯರನ್ನೇ ತಂದು ನಿಲ್ಲಿಸಬೇಕು. ದುಬಾರಿ ಆಗುವುದೂ ಅದಕ್ಕೇ.

ಕಿರಿಯ ಡಾಕ್ಟರ್‌ಗಳ ಡ್ಯೂಟಿ ಸಮಯ ಕಡಿಮೆ ಮಾಡುವ ಸುಧಾರಣೆ ಇಷ್ಟು ನೇರವಾಗಿ ಫಲ ಕೊಡಲಿಲ್ಲ. ಅಮೆರಿಕದಲ್ಲಿ 2003ರಿಂದ ವಾರಕ್ಕೆ 80 ಗಂಟೆಯ ಮಿತಿ ಬಂತು. 2011ರಲ್ಲಿ ಮೊದಲ ವರ್ಷದವರಿಗೆ ಒಂದೇ ಸಲಕ್ಕೆ 16 ಗಂಟೆ ಮೀರಬಾರದು ಎಂದರು, 2017ರಲ್ಲಿ ಅದನ್ನು ಸಡಿಲಿಸಿದರು. ಬಿಗಿ ನಿಯಮ, ಸಡಿಲ ನಿಯಮ ಎರಡನ್ನೂ ಹೋಲಿಸಿದ ದೊಡ್ಡ ಪ್ರಯೋಗಗಳಲ್ಲಿ ರೋಗಿಗಳ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಡ್ಯೂಟಿ ಚಿಕ್ಕದಾದರೆ ಸುಸ್ತು ಕಡಿಮೆ, ಆದರೆ ರೋಗಿ ಹೆಚ್ಚು ಕೈ ಬದಲಾಗುತ್ತಾರೆ. ಒಬ್ಬ ಡಾಕ್ಟರಿಂದ ಇನ್ನೊಬ್ಬರಿಗೆ ವಿಷಯ ದಾಟುವಾಗ ಏನೋ ಒಂದು ಬಿಟ್ಟುಹೋಗುತ್ತದೆ. ಒಂಬತ್ತು ಆಸ್ಪತ್ರೆಗಳಲ್ಲಿ ಡ್ಯೂಟಿ ಒಪ್ಪಿಸುವುದನ್ನೇ ಕ್ರಮವಾಗಿ ಕಲಿಸಿದಾಗ ತಪ್ಪುಗಳು ಶೇ 23 ಇಳಿದವು ಎಂದು 2014ರಲ್ಲಿ ವರದಿಯಾಯಿತು. ಕಂಪ್ಯೂಟರ್ ದಾಖಲೆಗಳದ್ದೂ ಹೀಗೇ. ಡಾಕ್ಟರ ಕೈಬರಹ ಓದುವ ಸರ್ಕಸ್ ತಪ್ಪಿತು, ತಪ್ಪು ಡೋಸ್ ಬರೆದರೆ ಯಂತ್ರ ಎಚ್ಚರಿಸುತ್ತದೆ. ಆದರೆ ದಿನಕ್ಕೆ ನೂರು ಸಲ ಎಚ್ಚರಿಸಿದರೆ ನೂರಾ ಒಂದನೆಯದನ್ನು ಯಾರೂ ಓದುವುದಿಲ್ಲ.

ಒಂದೇ ಸೋಂಕು, ಎರಡು ದಾರಿ

ಐಸಿಯುನಲ್ಲಿ ಕುತ್ತಿಗೆ ಅಥವಾ ಎದೆಯ ದೊಡ್ಡ ರಕ್ತನಾಳಕ್ಕೆ ಕ್ಯಾತಿಟರ್ ಎಂಬ ನಳಿಕೆ ಹಾಕುತ್ತಾರೆ. ಅದರ ದಾರಿಯಲ್ಲೇ ಕ್ರಿಮಿ ನೇರ ರಕ್ತಕ್ಕೆ ಹೋದರೆ ಪ್ರಾಣಕ್ಕೆ ಕುತ್ತು. ಈ ಒಂದು ಸೋಂಕನ್ನು ಇಳಿಸಲು ಎರಡು ದಾರಿ ಹಿಡಿದ ಕತೆ ಹೇಳಬೇಕು.

ಒಂದು ದಾರಿ ದುಡ್ಡಿನದು. ಅಕ್ಟೋಬರ್ 2008ರಿಂದ ಮೆಡಿಕೇರ್ ಕೆಲವು ಹಾನಿಗಳ ಹೆಚ್ಚುವರಿ ಖರ್ಚು ಕೊಡುವುದನ್ನು ನಿಲ್ಲಿಸಿತು. ಹೊಟ್ಟೆಯಲ್ಲಿ ಉಪಕರಣ ಬಿಟ್ಟು ಹೊಲಿದದ್ದು, ತಪ್ಪು ಗುಂಪಿನ ರಕ್ತ ಕೊಟ್ಟದ್ದು, ಮಲಗಿ ಮಲಗಿ ಆದ ಆಳವಾದ ಹುಣ್ಣು, ಕ್ಯಾತಿಟರ್ ಸೋಂಕು ಎಲ್ಲ ಆ ಪಟ್ಟಿಯಲ್ಲಿದ್ದವು. ನೀವೇ ಮಾಡಿದ ಹಾನಿಗೆ ನಾವೇಕೆ ದುಡ್ಡು ಕೊಡಬೇಕು ಎಂಬ ವಾದ ಕೇಳಲು ನ್ಯಾಯವಾಗಿಯೇ ಇದೆ. ಆದರೆ 2012ರಲ್ಲಿ ಬಂದ ಅಧ್ಯಯನ, ಈ ನಿಯಮದಿಂದ ಕ್ಯಾತಿಟರ್ ಸೋಂಕಿನ ಪ್ರಮಾಣದಲ್ಲಿ ಗುರುತಿಸಬಹುದಾದ ವ್ಯತ್ಯಾಸ ಆಗಿಲ್ಲ ಎಂದಿತು. ಸೋಂಕು ಅದಾಗಲೇ ಇಳಿಯುತ್ತಿತ್ತು, ಅದೇ ವೇಗದಲ್ಲಿ ಇಳಿಯುತ್ತಾ ಹೋಯಿತು.

ಇನ್ನೊಂದು ದಾರಿ ಅದಕ್ಕೂ ಕೆಲವು ವರ್ಷ ಮುಂಚೆ ಮಿಷಿಗನ್ ರಾಜ್ಯದ್ದು. ಪೀಟರ್ ಪ್ರೊನೊವೋಸ್ಟ್ ಎಂಬ ಐಸಿಯು ವೈದ್ಯರ ಮುಂದಾಳತ್ವ, ನೂರಕ್ಕೂ ಹೆಚ್ಚು ಐಸಿಯುಗಳು. ಐದೇ ಕೆಲಸ: ಕೈ ತೊಳೆಯಿರಿ, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕದಿಂದ ಒರೆಸಿರಿ, ಗೌನು ಮಾಸ್ಕು ಹಾಕಿ ರೋಗಿಯ ಮೈ ಪೂರ್ತಿ ಹೊದಿಸಿರಿ, ಆದಷ್ಟು ತೊಡೆಸಂದಿಯ ನಾಳ ಬಿಡಿ, ಬೇಡವಾದ ಕೂಡಲೇ ನಳಿಕೆ ತೆಗೆಯಿರಿ. ಇದರಲ್ಲಿ ಡಾಕ್ಟರಿಗೆ ಗೊತ್ತಿಲ್ಲದ್ದು ಒಂದೂ ಇಲ್ಲ. ಆದರೆ ಡಾಕ್ಟರ್ ಒಂದು ಹೆಜ್ಜೆ ಬಿಟ್ಟರೆ, ತುರ್ತು ಪರಿಸ್ಥಿತಿ ಅಲ್ಲದಿದ್ದರೆ, ನಿಲ್ಲಿಸಿ ಎನ್ನುವ ಅಧಿಕಾರ ನರ್ಸ್‌ಗೆ ಇತ್ತು. ಪ್ರತಿ ಐಸಿಯುಗೂ ತನ್ನ ಸೋಂಕಿನ ಲೆಕ್ಕ ಆಗಾಗ ಬರುತ್ತಿತ್ತು. ಒಬ್ಬ ರೋಗಿಗೆ ನಳಿಕೆ ಒಂದು ದಿನ ಇದ್ದರೆ ಅದು ಒಂದು ಕ್ಯಾತಿಟರ್ ದಿನ. ಅಂಥ ಸಾವಿರ ದಿನಗಳಿಗೆ ಸರಾಸರಿ 7.7 ಇದ್ದ ಸೋಂಕು ಒಂದೂವರೆ ವರ್ಷದಲ್ಲಿ 1.4ಕ್ಕೆ ಬಂತು. ಮೂರು ವರ್ಷ ಆದಮೇಲೂ ಅಲ್ಲೇ ನಿಂತಿತ್ತು.

ಇಂಗ್ಲೆಂಡ್ ಇದನ್ನು ನೋಡಿ 2009ರಲ್ಲಿ ತನ್ನ ಐಸಿಯುಗಳಿಗೆಲ್ಲ ಇದೇ ಯೋಜನೆ ತಂದಿತು. ಅಲ್ಲೂ ಸೋಂಕು ಇಳಿಯಿತು. ಆದರೆ ಇನ್ನೂ ಯೋಜನೆಗೆ ಸೇರದೆ ಸರದಿಗೆ ಕಾದಿದ್ದ ಐಸಿಯುಗಳಲ್ಲೂ ಇಳಿದಿತ್ತು. ಕೆಲವು ಐಸಿಯುಗಳು ಇದನ್ನು ತಮ್ಮದಾಗಿ ಮಾಡಿಕೊಂಡವು. ಇನ್ನು ಕೆಲವಕ್ಕೆ ಇದು ಸರ್ಕಾರ ಕಳಿಸಿದ ಮತ್ತೊಂದು ಕೆಲಸವಾಗಿತ್ತು.

ಮಿಷಿಗನ್‌ನ ಯೋಜನೆಯಲ್ಲಿ ಒಂದು ಗಾಡಿಯೂ ಇತ್ತು. ಗೌನು, ಮಾಸ್ಕು, ಹೊದಿಕೆ, ಔಷಧಿ ಬೇರೆ ಬೇರೆ ಕಡೆ ಇದ್ದರೆ ಅವಸರದಲ್ಲಿ ಯಾವುದೋ ಒಂದನ್ನು ಬಿಟ್ಟೇ ಶುರು ಮಾಡುತ್ತಾರೆ. ಅದಕ್ಕೆ ಕ್ಯಾತಿಟರ್‌ಗೆ ಬೇಕಾದ ಸಾಮಾನೆಲ್ಲ ಒಂದೇ ತಳ್ಳುಗಾಡಿಯಲ್ಲಿ ಜೋಡಿಸಿ ಐಸಿಯುನಲ್ಲಿ ಇಟ್ಟರು. 2008ರ ದುಡ್ಡು ನಿಲ್ಲಿಸುವ ನಿಯಮದಲ್ಲಿ ಗಾಡಿಯ ಮಾತೇ ಇರಲಿಲ್ಲ.